ತಾನೇ ತುಂಬಿಕೊಳ್ಳುವ ಬಂದೂಕು

ಐಲಿ ಪೆಲ್ಟೋಲಾ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎಡಗಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ಬಂದಾಗ ಅವಳ ಗಂಡ ರೇನೋ ಮೇಜಿನ ತುಂಬ ಹಿಟ್ಟು ಹರಡಿಕೊಂಡು ಪ್ಯಾಸ್ಟಿಗಳ ಅಂಚು ಮಡಿಸುತ್ತಿದ್ದ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸುವ ಆ ದೊಡ್ಡ ಕಡುಬುಗಳನ್ನು ಟಾಮರಾಕ್ ಊರಿನಲ್ಲಿ ಗಣಿಯವರು ತಿನ್ನುತ್ತಿದ್ದರು. ಗಣಿ ಮುಚ್ಚಿ ಐವತ್ತು ವರ್ಷವಾಗಿದೆ, ಕಡುಬು ಮಾತ್ರ ಮುಚ್ಚಿಲ್ಲ. ಐಲಿ ಮೇಜು ಖಾಲಿ ಮಾಡು ಎಂದಳು. ರೇನೋ ಅರ್ಧ ಮೇಜು ಬಿಟ್ಟುಕೊಟ್ಟ, ಇನ್ನರ್ಧ ಒಲೆ ಆರಿದ ಮೇಲೆ ಎಂದ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವರ ಜಗಳಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಅರ್ಧರ್ಧಕ್ಕೆ ಇತ್ಯರ್ಥವಾಗಿವೆ.

ಪೆಟ್ಟಿಗೆಯಲ್ಲಿದ್ದದ್ದು ಹೊಚ್ಚಹೊಸ ಸೆಮಿ-ಆಟೊಮ್ಯಾಟಿಕ್ ರೈಫಲ್. ಬಂದೂಕು ಎಂದ ಕೂಡಲೇ ಜಿಂಕೆ, ಕರಡಿ ಎಂದು ಕಣ್ಣರಳಿಸುವವರು ಇಲ್ಲಿ ನಿರಾಶರಾಗಬೇಕಾಗುತ್ತದೆ. ಐಲಿ ತನ್ನ ಜೀವಮಾನದಲ್ಲಿ ಕೊಂದದ್ದು ಕಾಗದವನ್ನು ಮಾತ್ರ. ಐವತ್ತು ಗಜ ದೂರದಲ್ಲಿ ಒಂದು ಹಾಳೆ, ಅದರ ನಡುವೆ ರೊಟ್ಟಿಯಷ್ಟಗಲ ಸುತ್ತುಗಳು, ಸುತ್ತುಗಳ ನಡುವೆ ಅಂಗಿಯ ಗುಂಡಿಯಷ್ಟು ಕಪ್ಪು ಚುಕ್ಕೆ. ಇಪ್ಪತ್ತಾರು ವರ್ಷದಿಂದ ಪ್ರತಿ ಗುರುವಾರ ಸಂಜೆ ಅವಳು ಊರಿನ ಬಂದೂಕು ಕ್ಲಬ್ಬಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಆ ಚುಕ್ಕೆಗೆ ಸಣ್ಣ ಗುಂಡು ಹೊಡೆಯುತ್ತ ಬಂದಿದ್ದಾಳೆ. ಅವಳಿಗೆ ಅದು ಸಂತೋಷ ಕೊಡುತ್ತದೆ, ಅಷ್ಟೇ.

ಉಳಿದ ದಿನಗಳಲ್ಲಿ ಅವಳು ಹಿಮ ತಳ್ಳುವ ಲಾರಿಯ ಡ್ರೈವರಾಗಿದ್ದಳು. ಸುಪೀರಿಯರ್ ಸರೋವರದ ಮೇಲಿಂದ ಬೀಸಿ ಬಂದು ಆಳೆತ್ತರ ಬೀಳುವ ಹಿಮವನ್ನು ಮೂವತ್ತೊಂದು ಚಳಿಗಾಲ ರಸ್ತೆಯಿಂದ ಪಕ್ಕಕ್ಕೆ ತಳ್ಳಿದವಳು. ಕಳೆದ ನವೆಂಬರಿನಲ್ಲಿ ಆ ಲಾರಿಯ ಮೆಟ್ಟಿಲೇ ಅವಳಿಗೆ ಕೈ ಕೊಟ್ಟಿತು. ಮಂಜುಗಡ್ಡೆ ಕಟ್ಟಿದ್ದ ಮೆಟ್ಟಿಲಿನಿಂದ ಜಾರಿ ಬಲಭುಜದ ಮೇಲೆ ಬಿದ್ದಳು. ಶಸ್ತ್ರಚಿಕಿತ್ಸೆ ಆಯಿತು, ನಿವೃತ್ತಿಯೂ ಆಯಿತು. ಭುಜ ಮುಕ್ಕಾಲು ವಾಸಿಯಾಯಿತು. ಬಂದೂಕನ್ನು ಭುಜಕ್ಕೆ ಒತ್ತಿ ಹಿಡಿಯಬಹುದು, ಬೆರಳು ಆಡುತ್ತದೆ, ಕಣ್ಣು ಮೊದಲಿನಂತೆಯೇ ಇದೆ. ಆದರೆ ಮಲಗಿದಲ್ಲೇ ಮೊಣಕೈ ಎತ್ತಿ, ಮುಂಗೈ ತಿರುವಿ, ಹಿಂದಕ್ಕೆ ಎಳೆಯುವ ಒಂದು ಚಲನೆ ಮಾತ್ರ ಸಾಧ್ಯವಿಲ್ಲ.

ಅವಳ ಹಳೆಯ ಬಂದೂಕಿಗೆ ಬೇಕಾದದ್ದು ಅದೇ ಚಲನೆ. ಅದು ಬೋಲ್ಟಿನ ಬಂದೂಕು. ಒಂದು ಗುಂಡು ಹೊಡೆದ ಮೇಲೆ ಬೋಲ್ಟಿನ ಹಿಡಿ ಎತ್ತಿ, ಎಳೆದು, ತಳ್ಳಿ, ಇಳಿಸಿದರೆ ಮಾತ್ರ ಮುಂದಿನ ಗುಂಡು. ಏಪ್ರಿಲಿನ ಮೊದಲ ಗುರುವಾರ ಅವಳು ಎಡಗೈಯಿಂದ ಆ ಕೆಲಸ ಮಾಡಿ ನೋಡಿದಳು. ಐದು ಗುಂಡಿಗೆ ನಾಲ್ಕು ನಿಮಿಷ ಸಮಯ. ನಾಲ್ಕು ನಿಮಿಷ ಮುಗಿದಾಗ ಅವಳು ಹೊಡೆದದ್ದು ಮೂರು, ಅದರಲ್ಲಿ ಒಂದು ಹಾಳೆಯನ್ನೇ ಮುಟ್ಟಿರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಕ್ಲಬ್ಬಿನ ಯಜಮಾನ ಎಲ್ವುಡ್ ಪ್ಯಾಸ್ಕೋ ಅವಳ ಪಕ್ಕದಲ್ಲಿ ಬಂದು ಮೊಣಕಾಲೂರಿ ಕೂತ. ಪ್ಯಾಸ್ಕೋಗೆ ಎಪ್ಪತ್ತೆರಡು ವರ್ಷ, ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ಗುರಿ ಹೊಡೆಯುವುದರಲ್ಲಿ ಎತ್ತಿದ ಕೈ. ಅವನು ಬಹಳ ಮೆತ್ತಗೆ ಹೇಳಿದ: "ಅಂಕ ಬರ್ಕೊಳ್ಳೋ ಕೆಲಸ ಇದೆಯಲ್ಲ ಐಲಿ. ಬರ್ನಿಸ್‌ಗೂ ಒಬ್ಬರು ಜೊತೆ ಆಗುತ್ತೆ. ಕುರ್ಚಿ ಹಾಕಿಸ್ತೀನಿ."

ಬರ್ನಿಸ್ ಎಂದರೆ ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾಗಿ ಕ್ಲಬ್ಬಿನ ಅಂಕ ಬರೆಯುತ್ತಿದ್ದವಳು. ಒಳ್ಳೆಯ ಹೆಂಗಸು. ಆದರೆ ಐಲಿಗೆ ಆ ಕುರ್ಚಿಯ ಮಾತು ಮೈಯೆಲ್ಲ ಉರಿಯುವಂತೆ ಮಾಡಿತು. ಪ್ಯಾಸ್ಕೋ ಕುಹಕದಿಂದ ಹೇಳಿದ್ದರೆ ತಿರುಗಿಸಿ ನಾಲ್ಕು ಮಾತು ಕೊಡಬಹುದಿತ್ತು. ಕರುಣೆಯಿಂದ ಹೇಳಿದ್ದಕ್ಕೆ ಏನು ಹೇಳುವುದು? ಅವಳು ಮನೆಗೆ ಬಂದು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ರೇನೋಗೆ, ತಲೆ ಮೇಲೆ ತಲೆ ಬಿದ್ದರೂ ಆ ಕುರ್ಚಿಯಲ್ಲಿ ಕೂರುವುದಿಲ್ಲ, ಹೊಡೆಯುವುದಾದರೆ ಹೋಗುತ್ತೇನೆ, ಇಲ್ಲದಿದ್ದರೆ ಗುರುವಾರವೂ ಮನೆಯಲ್ಲೇ ಇರುತ್ತೇನೆ ಎಂದಳು. ರೇನೋ ಗಾಬರಿಯಾದ. ಗುರುವಾರ ಮನೆಯಲ್ಲಿರುವ ಐಲಿಯನ್ನು ಅವನು ಆ ಚಳಿಗಾಲದಲ್ಲಿ ನೋಡಿದ್ದ. ಅವಳು ಕಪಾಟುಗಳನ್ನು ಖಾಲಿ ಮಾಡಿ ಮತ್ತೆ ತುಂಬುತ್ತಿದ್ದಳು, ಅವನನ್ನೂ ತುಂಬಿಸಲು ಹಚ್ಚುತ್ತಿದ್ದಳು.

ಹೀಗಾಗಿ ಬಂದದ್ದು ಹೊಸ ಬಂದೂಕು. ಇದಕ್ಕೆ ಬೋಲ್ಟ್ ಎಳೆಯಬೇಕಿಲ್ಲ. ಒಂದು ಗುಂಡು ಹಾರಿದರೆ ಅದರ ಬಲದಿಂದಲೇ ಖಾಲಿ ಚಿಪ್ಪನ್ನು ಹೊರಗೆಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಬೆರಳು ಒತ್ತುವುದಷ್ಟೇ ಮನುಷ್ಯರ ಕೆಲಸ. ಕ್ಲಬ್ಬಿನ ನಿಯಮಗಳನ್ನು ಟೈಪು ಮಾಡಿದವನು ಪ್ಯಾಸ್ಕೋನೇ. ನಾಲ್ಕು ಪುಟದ ಆ ನಿಯಮಗಳಲ್ಲಿ ಇಂಥ ಬಂದೂಕನ್ನು ತರಬಾರದು ಎಂದು ಎಲ್ಲೂ ಇರಲಿಲ್ಲ. ಮಾನ ಮರ್ಯಾದೆ ಇರುವವರು ಯಾರೂ ತರುವುದಿಲ್ಲ ಎಂಬುದು ಅವನ ನಂಬಿಕೆಯಾಗಿತ್ತು. ಅವನ ಬಾಯಲ್ಲಿ ಇವುಗಳ ಹೆಸರು 'ಹೊಲಿಗೆ ಯಂತ್ರ.'

ಮೇ ತಿಂಗಳ ಕೊನೆಯ ಗುರುವಾರಕ್ಕೆ ಹತ್ತು ದಿನವಿತ್ತು. ಅಂದು ತಂಡದ ಪಟ್ಟಿ. ಸೆಪ್ಟೆಂಬರಿನಲ್ಲಿ ಪಕ್ಕದ ಊರಾದ ಐರನ್ ಕೋವಿನವರ ಜೊತೆ ನಡೆಯುವ ಪಂದ್ಯಕ್ಕೆ ನಾಲ್ಕು ಹೆಸರು ಬರೆದು ಮರುದಿನದ ಅಂಚೆಗೆ ಹಾಕಬೇಕು. ಎಲ್ಲರಿಗೂ ಒಂದೇ ಹಾಳೆ, ಐದೇ ಗುಂಡು, ಐವತ್ತು ಅಂಕ. ನಲವತ್ತೆರಡಕ್ಕಿಂತ ಕಡಿಮೆಯಾದರೆ ಹೆಸರಿಲ್ಲ, ಎರಡನೆಯ ಅವಕಾಶವೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಆ ಪಟ್ಟಿಯಲ್ಲಿ ಐಲಿಯ ಹೆಸರು ತಪ್ಪಿರಲಿಲ್ಲ.

ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ವಾಸನೆ. ಹಳೆಯ ಬಂದೂಕಿನಲ್ಲಿ ಆಕ್ರೋಡಿನ ಮರದ, ಮೇಣದ, ಅವಳದೇ ಕೈ ಬೆವರಿನ ವಾಸನೆಯಿತ್ತು. ಇದರಲ್ಲಿ ಅಂಗಡಿಯ ವಾಸನೆ. ಅವಳು ಎತ್ತಿಕೊಂಡಳು, ಗುಂಡು ಕೂರುವ ಕೋಣೆ ಖಾಲಿಯಿದೆಯೇ ಎಂದು ಎರಡು ಸಲ ಕಣ್ಣಿನಿಂದ, ಒಂದು ಸಲ ಕಿರುಬೆರಳಿನಿಂದ ನೋಡಿದಳು, ಆಮೇಲೆ ತೂಗಿ ನೋಡಿದಳು. ಹಗುರವಾಗಿತ್ತು, ಅನುಮಾನ ಬರುವಷ್ಟು ಹಗುರ. ಹಿಡಿಕೆ ಕಪ್ಪು ಪ್ಲಾಸ್ಟಿಕ್ಕಿನದು, ತಟ್ಟಿದರೆ ಟೊಳ್ಳು ಸದ್ದು. ಮೊಸರಿನ ಡಬ್ಬಿಯನ್ನು ಹಿಡಿದ ಹಾಗಿದೆ ಎಂದು ಮುಖ ಸಿಂಡರಿಸಿದಳು. ಆದರೆ ಭುಜಕ್ಕೆ ಏರಿಸಿದಾಗ ಕೆನ್ನೆ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು, ಕಣ್ಣು ತಾನಾಗಿ ಗುರಿಕಿಂಡಿಗೆ ಬಂತು. ಡಬ್ಬಿ ಎಂದು ಬೈದದ್ದು ಸ್ವಲ್ಪ ಅವಸರವಾಯಿತೇನೋ ಎನ್ನಿಸಿತು.

ರೇನೋ ಹಿಟ್ಟಿನ ಕೈಯಲ್ಲೇ ಕೈಪಿಡಿ ಬಿಡಿಸಿ ಓದತೊಡಗಿದ. ಮೂವತ್ತೆರಡು ಪುಟಗಳಲ್ಲಿ ಇಪ್ಪತ್ತಾರು ಪುಟ ಎಚ್ಚರಿಕೆಗಳೇ. ಕುಡಿದು ಹೊಡೆಯಬಾರದು, ನಿದ್ದೆಗಣ್ಣಲ್ಲಿ ಹೊಡೆಯಬಾರದು, ಸಿಟ್ಟಿನಲ್ಲಿ ಮುಟ್ಟಲೇಬಾರದು.

"ಮದುವೆ ಮಾಡ್ಕೊಳ್ಳುವಾಗಲೂ ಇಂಥದೊಂದು ಪುಸ್ತಕ ಕೊಟ್ಟಿದ್ರೆ ಚೆನ್ನಾಗಿತ್ತು ಕಣೆ," ಎಂದ ಅವನು. ಹಾಗೆನ್ನುತ್ತ ಖಾಲಿ ಬಂದೂಕಿನ ಟ್ರಿಗರಿನ ಕಡೆ ಬೆರಳು ಚಾಚಿದ, ಐಲಿ ಆ ಬೆರಳಿಗೆ ಚಟ್ಟನೆ ಏಟು ಕೊಟ್ಟಳು. ಈ ಜಾತಿಯ ಬಂದೂಕನ್ನು ಖಾಲಿ ಒತ್ತಿದರೆ ಒಳಗಿನ ಮೊಳೆ ಸವೆಯುತ್ತದೆ. ಆಮೇಲೆ ಟ್ರಿಗರಿನ ಮೇಲೆಲ್ಲ ಮೈದಾ ಹಿಟ್ಟು. ಅದನ್ನು ಒರೆಸಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷ ಅವಳು ಗುನುಗುತ್ತಿದ್ದಳು ಎಂದು ರೇನೋ ಆಮೇಲೆ ಊರಿಗೆಲ್ಲ ಹೇಳಿದ. ನವೆಂಬರಿನಿಂದ ಅವಳು ಗುನುಗಿರಲಿಲ್ಲ.

ಮರುದಿನ ಬೆಳಿಗ್ಗೆ ಬರ್ನಿಸ್ ಬೀಗದ ಕೈ ತಂದು ಮೈದಾನ ತೆರೆದುಕೊಟ್ಟಳು. ಗಣಿಯಿಂದ ಹೊರಗೆ ಸುರಿದ ಕಲ್ಲಿನ ದೊಡ್ಡ ಗುಡ್ಡೆಯ ಮುಂದೆ ಆರು ಮರದ ಚೌಕಟ್ಟುಗಳ ಸಾಲು, ಇತ್ತ ಆರು ಚಾಪೆಗಳ ಸಾಲು, ಕ್ಲಬ್ಬಿನ ಆಸ್ತಿ ಇಷ್ಟೇ. ಕಚ್ಚುವ ಕಪ್ಪು ನೊಣಗಳ ಕಾಲ. ಇಬ್ಬರೂ ತಲೆಗೆ ಬಲೆ ಹಾಕಿಕೊಂಡು ಮದುವಣಗಿತ್ತಿಯರ ಹಾಗೆ ನಿಂತಿದ್ದರು.

ಐಲಿ ಹತ್ತು ಗುಂಡು ಹಿಡಿಯುವ ಪುಟ್ಟ ಡಬ್ಬಿಯನ್ನು ತುಂಬಿದಳು. ಅದರ ಸ್ಪ್ರಿಂಗು ಹೊಸದು, ಗಡುಸು. ಏಳನೆಯ ಗುಂಡಿನ ಹೊತ್ತಿಗೆ ಹೆಬ್ಬೆರಳು ಬೇಡ ಎನ್ನತೊಡಗಿತು. ಚಾಪೆಯ ಮೇಲೆ ಮಲಗಿದಳು, ಉಸಿರು ಬಿಟ್ಟಳು, ಒತ್ತಿದಳು. ಟ್ರಿಗರು ಸ್ವಲ್ಪ ದೂರ ಸುಮ್ಮನೆ ಬಂತು, ಅಲ್ಲಿ ಕೊಂಚ ತಡೆಯಿತು, ಆಮೇಲೆ ಬಿಟ್ಟಿತು. ಟಪ್ ಎಂದಿತು. ಕೂಡಲೇ ಅವಳ ಬಲಗೈ ಎದ್ದು ಬೋಲ್ಟಿನ ಹಿಡಿ ಹುಡುಕಿಕೊಂಡು ಗಾಳಿಯನ್ನು ತಿರುವಿತು. ಇಲ್ಲದ ಹಿಡಿಯನ್ನು ಎತ್ತಿ, ಎಳೆಯಲು ಹೋಗಿ, ಭುಜದಲ್ಲಿ ಛಳಕು ಹೊಡೆದು ಅಯ್ಯೋ ಎಂದಳು. ಎರಡನೆಯ ಗುಂಡಿಗೂ ಅದೇ ಆಯಿತು. ಮೂರನೆಯದಕ್ಕೂ ಕೈ ಎದ್ದಾಗ ಬರ್ನಿಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇಪ್ಪತ್ತಾರು ವರ್ಷ ಕಲಿಸಿದ ಪಾಠವನ್ನು ಕೈ ಒಂದು ಬೆಳಿಗ್ಗೆಗೆ ಮರೆಯುತ್ತದೆಯೇ?

ಆ ನಗುವಿನಲ್ಲಿ ಐಲಿಗೂ ಏನೋ ಹುಕಿ ಬಂತು. ಉಳಿದ ಏಳು ಗುಂಡುಗಳನ್ನು ಉಸಿರೂ ಬಿಡದೆ ಒಂದರ ಹಿಂದೆ ಒಂದು ಹೊಡೆದುಬಿಟ್ಟಳು. ಚಿಪ್ಪುಗಳು ಬಲಕ್ಕೆ ಚಿಮ್ಮಿ ಕುಣಿದವು. ಹೊಸ ಡಬ್ಬಿ ತುಂಬಿ ಹತ್ತನ್ನೂ ಹಾಗೆಯೇ ಹೊಡೆದಳು. ಅರವತ್ತೊಂದು ವರ್ಷದ ಹೆಂಗಸು ಚಾಪೆಯ ಮೇಲೆ ಬೋರಲು ಮಲಗಿ ಬಲೆಯೊಳಗೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಭುಜ ನೋಯುತ್ತಿರಲಿಲ್ಲ. ಅದನ್ನು ಗಮನಿಸಿದ ಮೇಲೆ ಅವಳಿಗೆ ಇನ್ನಷ್ಟು ನಗು ಬಂತು.

ಹಾಳೆ ತಂದು ನೋಡಿದರೆ ಎಳ್ಳು ಚೆಲ್ಲಿದ ಹಾಗೆ ತೂತುಗಳು. ನಗು ನಿಂತಿತು.

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಹಳೆಯ ಬಂದೂಕಿನ ಬೋಲ್ಟು ಬರೀ ಗುಂಡು ತುಂಬುತ್ತಿರಲಿಲ್ಲ. ಅವಳಿಗೆ ಉಸಿರಾಡಲು ಬಿಡುವು ಕೊಡುತ್ತಿತ್ತು. ಎತ್ತು, ಎಳೆ, ತಳ್ಳು, ಇಳಿಸು ಎನ್ನುವಷ್ಟರಲ್ಲಿ ಎದೆಬಡಿತ ಇಳಿಯುತ್ತಿತ್ತು, ಕಣ್ಣು ತಿಳಿಯಾಗುತ್ತಿತ್ತು. ಈ ಹೊಸ ಬಂದೂಕಿಗೆ ಅಂಥ ಸಂಸ್ಕಾರವಿಲ್ಲ. ನಾನು ಸಿದ್ಧ, ನೀನು ಯಾವಾಗ ಎಂದು ತುದಿಗಾಲಲ್ಲಿ ನಿಂತಿರುತ್ತದೆ. ಬಿಡುವನ್ನು ಇನ್ನು ಅವಳೇ ಹುಟ್ಟಿಸಿಕೊಳ್ಳಬೇಕು.

ಎರಡು ದಿನ ಅವಳು ಒಂದು, ಎರಡು, ಮೂರು ಎಂದು ಎಣಿಸಿ ನೋಡಿದಳು. ಎಣಿಕೆಗೆ ಬೆರಳು ಕಾಯಲಿಲ್ಲ. ಮೂರನೆಯ ದಿನ ಕೈಹಿಡಿದದ್ದು ಲಾರಿ. ಹಿಮ ತಳ್ಳುವವರಿಗೆ ರಸ್ತೆಬದಿಯ ಅಂಚೆಪೆಟ್ಟಿಗೆಗಳೇ ಶತ್ರು. ಪ್ರತಿ ಮನೆಯ ಮುಂದೆ ಒಂದು ಪೆಟ್ಟಿಗೆ ಕಂಬದ ಮೇಲೆ ನಿಂತಿರುತ್ತದೆ. ಲಾರಿಯ ಪಕ್ಕದ ಅಲಗನ್ನು ಅದರ ಹತ್ತಿರ ಎತ್ತಬೇಕು, ದಾಟಿದ ಮೇಲೆ ಇಳಿಸಬೇಕು, ಇಲ್ಲವಾದರೆ ಮರುದಿನ ಆ ಮನೆಯವರಿಂದ ಬೈಗುಳ. ಮೂವತ್ತೊಂದು ವರ್ಷ ಅವಳು ಒಳಗೊಳಗೇ ಹೇಳಿಕೊಂಡದ್ದು ಇದೇ: ಪೆಟ್ಟಿಗೆ ಬಂತು, ಎತ್ತು; ಪೆಟ್ಟಿಗೆ ಹೋಯಿತು, ಇಳಿಸು. ಈಗ ಪ್ರತಿ ಗುಂಡಿನ ನಂತರ ಒಂದು ಪೆಟ್ಟಿಗೆ ಇಟ್ಟಳು. ಮೊದಲು ಸ್ಯಾರಿ ಮನೆಯವರದು, ಆಮೇಲೆ ನಾಯಿ ಸಾಕಿದವರದು, ಆಮೇಲೆ ಪಾದ್ರಿಯ ಪೆಟ್ಟಿಗೆ, ಅದನ್ನು ಎರಡು ಸಲ ಅವಳೇ ಉರುಳಿಸಿದ್ದಳು. ಎತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ. ಕೈ ಗಾಳಿ ತಿರುವುವುದು ನಿಂತಿತು. ಮುಂದಿನ ಬುಧವಾರದ ಹೊತ್ತಿಗೆ ತೂತುಗಳೆಲ್ಲ ಒಂದು ಬಿಸ್ಕತ್ತಿನಡಿ ಮುಚ್ಚಿಹೋಗುವಷ್ಟು ಹತ್ತಿರ ಬಂದವು.

ಗುರುವಾರ ಸಂಜೆ ಆರೂವರೆಗೆ, ಬಿಸಿಲು ಇನ್ನೂ ಮರದ ತಲೆಯ ಮೇಲಿದ್ದಾಗ, ಐಲಿ ಬಂದೂಕು ಹೊರಗೆ ತೆಗೆದಳು. ಸುತ್ತ ಒಂದಷ್ಟು ಕೆಮ್ಮು ಕೇಳಿಸಿತು.

"ಬಟ್ಟೆ ತಂದಿದೀಯೇನಮ್ಮ?" ಎಂದು ಪ್ಯಾಸ್ಕೋ ಕೇಳಿದ. "ನಂದೊಂದು ಪ್ಯಾಂಟು ಹರಿದಿದೆ, ಹೊಲಿದುಕೊಡು."

"ತಗೊಂಡ್ಬಾ ಎಲ್ವುಡ್. ಬಾಯಿಗೂ ಎರಡು ಹೊಲಿಗೆ ಹಾಕಿಕೊಡ್ತೀನಿ," ಎಂದಳು ಐಲಿ.

ಎಲ್ಲರೂ ನಕ್ಕರು, ಪ್ಯಾಸ್ಕೋ ಕೂಡ. ಅವನು ಕೆಟ್ಟವನಲ್ಲ, ಹಟಮಾರಿ. ಕ್ಯಾರೆಟ್ ಹಾಕಿದರೆ ಅದು ಪ್ಯಾಸ್ಟಿಯೇ ಅಲ್ಲ ಎಂದು ರೇನೋನ ಕಡುಬನ್ನು ಇಪ್ಪತ್ತು ವರ್ಷದಿಂದ ಬಯ್ಯುತ್ತ, ಇಪ್ಪತ್ತು ವರ್ಷದಿಂದ ಎರಡೆರಡು ತಿನ್ನುತ್ತಿದ್ದವನು. ಅವನ ಖಾಯಂ ಚಾಪೆ ಎಡತುದಿಯ ಒಂದನೆಯದು. ಅಂದು ಮಾತ್ರ ತನ್ನ ಚಾಪೆ ಬಿಟ್ಟು, ಮೂರನೆಯದರಲ್ಲಿದ್ದ ಐಲಿಯ ಬಲಕ್ಕೆ, ನಾಲ್ಕನೆಯದರಲ್ಲಿ ಬಂದು ಮಲಗಿದ. ಹೊಲಿಗೆ ಯಂತ್ರದ ಆಟ ಹತ್ತಿರದಿಂದ ನೋಡಬೇಕು ಎಂದ.

ಬರ್ನಿಸ್ ಸೀಟಿ ಊದಿದಳು. ನಾಲ್ಕು ನಿಮಿಷ ಶುರುವಾಯಿತು.

ಐಲಿ ಹಿಡಿಕೆಗೆ ಕೆನ್ನೆ ಆನಿಸಿದಳು. ಪೆಟ್ಟಿಗೆ ಬಂತು, ಎತ್ತು. ಟಪ್. ಚಿಪ್ಪು ಹಾರಿ ಪ್ಯಾಸ್ಕೋನ ಟೋಪಿಯ ಮೇಲೆ ಬಿತ್ತು. ಪೆಟ್ಟಿಗೆ ಹೋಯಿತು, ಇಳಿಸು. ಎರಡನೆಯದು ಅವನ ಕಿವಿಯ ಹಿಂದೆ ತಗಲಿತು. ಮೂರನೆಯದು ಬಿಸಿಬಿಸಿಯಾಗಿ ಅವನ ಕೊರಳಪಟ್ಟಿಯೊಳಗೆ ಇಳಿಯಿತು. ಅವನು ಹಲ್ಲು ಕಚ್ಚಿ ಏನೋ ಅಂದ, ಆದರೆ ಚಾಪೆ ಬಿಡಲಿಲ್ಲ. ನಾಲ್ಕು, ಐದು. ಅವಳು ಮುಗಿಸಿದಾಗ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ಬಂದೂಕು ತೆರೆದಿಟ್ಟು, ಕಾಯುತ್ತ ಮಲಗಿದಳು. ಪಕ್ಕದಲ್ಲಿ ಪ್ಯಾಸ್ಕೋನ ಬೋಲ್ಟು ಸಾವಧಾನವಾಗಿ ಹಿಂದೆ ಮುಂದೆ ಹೋಗುತ್ತಿತ್ತು.

ಆಮೇಲೆ ಎಲ್ಲರೂ ಪುಟ್ಟ ಪುಸ್ತಕ ತೆಗೆದರು. ಇದು ಆ ಕ್ಲಬ್ಬಿನ ಪದ್ಧತಿ, ಪ್ಯಾಸ್ಕೋ ಹಾಕಿಕೊಟ್ಟದ್ದು. ಹಾಳೆಯನ್ನು ನೋಡುವ ಮೊದಲೇ, ತಾನು ಹೊಡೆದ ಐದೂ ಗುಂಡು ಎಲ್ಲಿ ಬಿದ್ದಿರಬೇಕು ಎಂದು ಪುಸ್ತಕದಲ್ಲಿ ಚುಕ್ಕೆ ಇಡಬೇಕು. ಬಂದೂಕು ಸಿಡಿದ ಕ್ಷಣದಲ್ಲಿ ಗುರಿ ಎಲ್ಲಿ ನಿಂತಿತ್ತು ಎಂಬುದು ಹೊಡೆದವನಿಗೆ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಒಪ್ಪಿಕೊಂಡು ಬರೆದವನೇ ಮುಂದೆ ಬರುತ್ತಾನೆ ಎಂಬುದು ಅವನ ವಾದ. ಐಲಿ ಐದು ಚುಕ್ಕೆಗಳನ್ನೂ ನಡುವಿನಲ್ಲೇ ಇಟ್ಟಳು. ಇಡುವಾಗ ಇದು ದುರಾಸೆಯೇನೋ ಎನ್ನಿಸಿತು. ಪ್ಯಾಸ್ಕೋ ಬರೆದು, ಪುಸ್ತಕ ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

ಹಾಳೆಗಳ ಹತ್ತಿರ ನಡೆದುಹೋದಾಗ ಐಲಿಯ ಹಾಳೆಯಲ್ಲಿ ಹತ್ತು ತೂತುಗಳಿದ್ದವು.

"ನೋಡಿದ್ರಾ?" ಎಂದ ಪ್ಯಾಸ್ಕೋ. ಅವನಿಗೆ ಖುಷಿಯನ್ನು ಮುಚ್ಚಿಡಲಾಗಲಿಲ್ಲ. "ಒಂದು ಸಲ ಒತ್ತಿದ್ರೆ ಎರಡೆರಡು ಉಗುಳಿದೆ. ಇದಕ್ಕೇ ನಾನು ಬೇಡ ಅಂದಿದ್ದು."

ಐಲಿ ತಾನು ತುಂಬಿದ್ದು ಐದೇ ಎಂದಳು. ಚಾಪೆಯ ಬಳಿ ಚಿಪ್ಪು ಎಣಿಸಿ ಬನ್ನಿ ಎಂದಳು. ಯಾರೂ ಎಣಿಸಲು ಹೋಗಬೇಕಾಗಲಿಲ್ಲ. ಬರ್ನಿಸ್ ಪಕ್ಕದ ಚೌಕಟ್ಟನ್ನು ಪೆನ್ಸಿಲಿನಿಂದ ತೋರಿಸಿದಳು. ನಾಲ್ಕನೆಯ ಹಾಳೆ, ಪ್ಯಾಸ್ಕೋನದು, ಅಂಗಡಿಯಿಂದ ತಂದ ಹಾಗೇ ಬೆಳ್ಳಗಿತ್ತು.

ಪಕ್ಕದವರ ಹಾಳೆಗೆ ಹೊಡೆಯುವುದು ಹೊಸಬರು ಮಾಡುವ ತಪ್ಪು. ಹಾಗೆ ಮಾಡಿದವರನ್ನು ಮೂವತ್ತು ವರ್ಷ ಗೋಳು ಹೊಯ್ದುಕೊಂಡವನು ಪ್ಯಾಸ್ಕೋ. ಈಗ ಅವನು ಬೆಳ್ಳಗಿದ್ದ ಹಾಳೆಯನ್ನು ನೋಡಿದ, ಚೌಕಟ್ಟುಗಳ ಸಾಲನ್ನು ನೋಡಿದ. ಅವನು ಬಾಯಲ್ಲೇ ಎಣಿಸಿದ್ದು ಎಲ್ಲರಿಗೂ ಕೇಳಿಸಿತು. ಬಲತುದಿಯಿಂದ ಮೂರನೆಯದು ತನ್ನದೆಂದು ಅವನ ಲೆಕ್ಕ. ಆರು ಚೌಕಟ್ಟಿದ್ದರೆ ಅದು ಸರಿ. ಆದರೆ ಚಳಿಗಾಲದ ಹೆಪ್ಪಿಗೆ ಬಲತುದಿಯ ಕಂಬ ನೆಲದಿಂದ ಎದ್ದು ವಾಲಿತ್ತು, ವಾರದ ಹಿಂದೆ ಅದನ್ನು ಚೌಕಟ್ಟಿನ ಸಮೇತ ಕೀಳಿಸಿದವನು ಅವನೇ, ಈಗ ಉಳಿದದ್ದು ಐದೇ. ಚೌಕಟ್ಟಿನ ಮೇಲೆ ಅಂಗೈಯಗಲದ ಅಂಕಿಗಳಿರುವಾಗ ಯಾಕೆ ಎಣಿಸಬೇಕಾಯಿತು ಎಂದು ಯಾರೂ ಕೇಳಲಿಲ್ಲ. ಗಡಿಯಾರದ ಮುಳ್ಳು ಕೂರಿಸುತ್ತಿದ್ದ ಕಣ್ಣಿಗೆ ಆ ಅಂಕಿಗಳು ಕಾಣುತ್ತಿಲ್ಲ ಎಂಬುದು ಕೇಳದೆಯೇ ತಿಳಿದುಹೋಯಿತು.

ಅವನಿಗೆ ಸೊನ್ನೆ ಎಂಬುದು ತೀರ್ಮಾನವಾಯಿತು. ತೊಡಕಾದದ್ದು ಐಲಿಯ ಅಂಕ. ಹತ್ತು ತೂತುಗಳಲ್ಲಿ ಐದು ನಡುವೆ ಒತ್ತಾಗಿ ಕೂತಿದ್ದವು, ಒಟ್ಟು ನಲವತ್ತಾರು. ಉಳಿದ ಐದು ಕೆಳಗೆ ಬಲಕ್ಕೆ ಚದುರಿದ್ದವು, ಮೂವತ್ತಾರು. ಯಾರ ತೂತು ಯಾವುದು? ಎರಡೂ ಬಂದೂಕಿನ ಗುಂಡು ಒಂದೇ ಅಳತೆಯವು. ಬರ್ನಿಸ್ ನಿಯಮ ತೆಗೆದು ಓದಿದಳು. ತಪ್ಪು ಹಾಳೆಗೆ ಹೊಡೆದವನ ಪುಸ್ತಕವೇ ಸಾಕ್ಷಿ, ಅದೂ ಅವನಾಗಿ ತೋರಿಸಿದರೆ. ತೋರಿಸದಿದ್ದರೆ ಹಾಳೆಯ ಒಡೆಯನಿಗೆ ಕಡಿಮೆ ಅಂಕದ ಐದು ತೂತುಗಳು ಸೇರಬೇಕು. ನಿಯಮ ಬರೆದವನು ಪ್ಯಾಸ್ಕೋನೇ, ಅದರ ಪ್ರಕಾರ ಐಲಿಯ ಪುಸ್ತಕವನ್ನು ಯಾರೂ ಕೇಳುವ ಹಾಗಿರಲಿಲ್ಲ.

ಎಲ್ಲರಿಗೂ ಅನ್ನಿಸಿದ್ದು ಒಂದೇ. ನಡುವಿನವು ಪ್ಯಾಸ್ಕೋನವು, ಚದುರಿದವು ಹೊಲಿಗೆ ಯಂತ್ರದವು. ಅವನು ನಲವತ್ತೈದಕ್ಕೆ ಕಡಿಮೆ ಹೊಡೆದದ್ದನ್ನು ಕಂಡವರಿರಲಿಲ್ಲ. ಅವನು ಸುಮ್ಮನಿದ್ದರೆ ಸಾಕಿತ್ತು. ಹಾಳೆ ತಪ್ಪಿದ್ದು ಒಂದು ಮರೆವು, ನಾಲ್ಕು ದಿನದ ತಮಾಷೆ, ಆದರೆ ಕೈ ಮಾತ್ರ ಹಳೆಯ ಪ್ಯಾಸ್ಕೋನದೇ ಎಂದು ಊರು ಮಾತಾಡಿಕೊಳ್ಳುತ್ತಿತ್ತು. ಮತ್ತು ಐಲಿಯ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಇದೆಲ್ಲ ಐಲಿಗೆ ಅಲ್ಲಿ ನಿಂತಲ್ಲೇ ಅರ್ಥವಾಯಿತು. ಬೇಡಿಕೊಳ್ಳಲು ಮನಸ್ಸಾಗಲಿಲ್ಲ, ಜಗಳಕ್ಕೆ ಧೈರ್ಯ ಸಾಲಲಿಲ್ಲ. ಆ ಕುರ್ಚಿ ಎಲ್ಲಿ ಹಾಕುತ್ತಾರೋ ಎಂದು ಒಂದು ಕ್ಷಣ ಕಣ್ಣು ಚಾಪೆಗಳ ಹಿಂದಕ್ಕೆ ಹೋಯಿತು.

ಪ್ಯಾಸ್ಕೋ ಬಹಳ ಹೊತ್ತು ಹಾಳೆಯ ಮುಂದೆ ನಿಂತ. ಮೂಗು ತಗಲುವಷ್ಟು ಹತ್ತಿರ ಬಾಗಿ ನೋಡಿದ. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ತೋಳಿನಳತೆ ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದ. ಕೊನೆಗೆ ಬರ್ನಿಸ್ ಕಡೆ ಚಾಚಿದ. ಆಮೇಲೆ ಮನಸ್ಸು ಬದಲಿಸಿ ವಾಪಸ್ಸು ಎಳೆದುಕೊಂಡು ತಾನೇ ಓದಿದ.

"ಒಂದನೇದು ಏಳು, ಬಲಕ್ಕೆ. ಎರಡನೇದು ಎಂಟು. ಮೂರನೇದು..." ಅವನು ತಡೆದ. "ಮೂರನೇದು ಆರು. ಕೆಳಗೆ. ಆ ಚಿಪ್ಪು ಬೆನ್ನೊಳಗೆ ಇಳೀತಲ್ಲ, ಆಗ. ನಾಲ್ಕು, ಏಳು. ಐದು, ಎಂಟು. ಆ ಚೆಲ್ಲಾಪಿಲ್ಲಿ ಆಗಿರೋದೆಲ್ಲ ನಂದು ಬರ್ನಿಸ್. ನಡುವಿನ ಐದೂ ಅವಳವು. ಹಾಗೇ ಬರ್ಕೋ."

ಮೂವತ್ತು ವರ್ಷದಲ್ಲಿ ಅವನ ಪುಸ್ತಕದೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಐಲಿಗೆ ಅಳು ಒತ್ತರಿಸಿ ಬಂತು. ತನಗೆ ಸಿಕ್ಕ ಸಂತೋಷಕ್ಕೋ ಅವನು ಓದಿದ ರೀತಿಗೋ ಅವಳಿಗೇ ತಿಳಿಯಲಿಲ್ಲ. ಇಷ್ಟು ದಿನ ಈ ಮನುಷ್ಯನನ್ನು ಒಳಗೊಳಗೇ ಎಷ್ಟು ಬೈದಿದ್ದೆ ಎಂದು ನಾಚಿಕೆಯಾಯಿತು. ಬೈದದ್ದರಲ್ಲಿ ಅರ್ಧವನ್ನು ಮನಸ್ಸಿನಲ್ಲೇ ವಾಪಸ್ಸು ತಗೊಂಡಳು. ಇನ್ನರ್ಧ ಅವನಿಗೆ ತಕ್ಕದ್ದೇ ಆಗಿತ್ತು.

ಪಟ್ಟಿ ಬರೆಯುವುದು ಯಜಮಾನನ ಕೆಲಸ. ಅವನು ಮೊದಲೇ ಬರೆದಿಟ್ಟಿದ್ದ ತನ್ನ ಹೆಸರನ್ನು ಅಳಿಸಿ, ಅದೇ ಜಾಗದಲ್ಲಿ ಐಲಿಯ ಹೆಸರು ಬರೆದ. ಅಕ್ಷರಗಳು ಗೆರೆಯಿಂದ ಸ್ವಲ್ಪ ಕೆಳಗಿಳಿದವು. ಪೆನ್ಸಿಲ್ ಇಟ್ಟು, ಬಂದೂಕು ಚೀಲಕ್ಕೆ ಹಾಕಿಕೊಂಡು, ಇನ್ನು ಗುರುವಾರಗಳಿಗೆ ತನ್ನನ್ನು ಕಾಯಬೇಡಿ ಎಂದ. ಬಹಳ ಹಗುರವಾಗಿ ಹೇಳಿದ, ಹವಾಮಾನದ ಮಾತಾಡುವವನ ಹಾಗೆ.

ಯಾರಾದರೂ ಇಲ್ಲಿ ಮೆತ್ತಗೆ ಏನಾದರೂ ಹೇಳಿಬಿಟ್ಟರೆ ಅವನು ಮತ್ತೆ ಬರುವುದಿಲ್ಲ ಎಂದು ಐಲಿಗೆ ಗೊತ್ತಿತ್ತು. ಅದು ಅವಳಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಅವಳು ಸೊಂಟದ ಮೇಲೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು.

"ಏನು ಮುದುಕಪ್ಪ, ನನ್ನ ಹಾಳೆ ಎಲ್ಲಾ ತೂತು ಮಾಡಿ ಓಡ್ಹೋಗ್ತೀಯಾ?" ಎಂದಳು. "ನಾನು ಭುಜ ಕೊಯ್ಯಿಸ್ಕೊಂಡು ಬಂದಿಲ್ವಾ? ನೀನು ಕಣ್ಣು ತೋರಿಸ್ಕೊಂಡು ಬಾ. ಪೊರೆ ಬಂದಿರುತ್ತೆ, ತೆಗೀತಾರೆ. ಅರ್ಧ ಗಂಟೆ ಕೆಲಸ."

"ತೆಗೆದ ಮೇಲೂ ಕಾಣ್ದಿದ್ರೆ?"

"ಕಾಣ್ದಿದ್ರೆ ಬೈಕೊಂಡು ಬಾ. ಆದ್ರೆ ಬಾ. ಹೊಡಿಯೋಕೆ ಬಾ, ಕುರ್ಚಿ ಮೇಲೆ ಕೂರೋಕಲ್ಲ. ಮುಂದಿನ ಗುರುವಾರ ನಿನ್ನ ಹಾಳೆ ಯಾವುದು ಅಂತ ನಾನೇ ಬಟ್ಟೆ ಕಟ್ಟಿ ತೋರಿಸ್ತೀನಿ, ಕೆಂಪು ಬಟ್ಟೆ. ಹೊಲಿಗೆ ಯಂತ್ರದವಳ ಹತ್ರ ಬಟ್ಟೆಗೇನು ಬರ?"

ಪ್ಯಾಸ್ಕೋ ಅವಳ ಮುಖವನ್ನು ನೋಡಿದ. ಕೊರಳೊಳಗೆ ಕೈ ಹಾಕಿ ಇನ್ನೂ ಅಲ್ಲೇ ಇದ್ದ ಹಿತ್ತಾಳೆ ಚಿಪ್ಪನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಕಣ್ಣಿನ ಡಾಕ್ಟರು ಸೋಮವಾರ ಇರುತ್ತಾನೋ ಮಂಗಳವಾರವೋ ಎಂದು ಬರ್ನಿಸ್‌ಳನ್ನು ಕೇಳಿದ. ಸೋಮವಾರ ಎಂದಳು ಅವಳು.

ಐಲಿ ಮನೆಗೆ ಬಂದಾಗಲೂ ಬೆಳಕಿತ್ತು. ರೇನೋ ಹಿತ್ತಲ ಮೆಟ್ಟಿಲ ಮೇಲೆ ಸೌದೆ ಜೋಡಿಸುತ್ತ ಕೂತಿದ್ದ. ಕಾರಿನ ಸದ್ದು ಕೇಳಿದರೂ ಅವನು ತಲೆ ಎತ್ತಲಿಲ್ಲ. ಸಂಜೆಯಿಂದ ಅವನು ಅದೇ ಸೌದೆಯನ್ನು ಮೂರು ಸಲ ಜೋಡಿಸಿದ್ದ. ಅವಳು ಅವನ ಪಕ್ಕದಲ್ಲಿ ಕೂತಳು. ನಡೆದದ್ದನ್ನೆಲ್ಲ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ನಲವತ್ತಾರು ಅಂಕ, ಹತ್ತು ತೂತು, ಪ್ಯಾಸ್ಕೋ. ಈಗ ಅದನ್ನೆಲ್ಲ ಬಿಟ್ಟು ಒಂದು ಸೌದೆ ಎತ್ತಿ ಅವನ ಕೈಗೆ ಕೊಟ್ಟಳು.

"ಇನ್ಮೇಲೂ ಗುರುವಾರ ಸಂಜೆ ನಾನು ಮನೇಲಿ ಇರಲ್ಲ," ಎಂದಳು.

ರೇನೋ ಕೈಯಲ್ಲಿದ್ದ ಸೌದೆ ಕೆಳಗಿಟ್ಟು, ಅವಳ ನೋಯದ ಭುಜಕ್ಕೆ ತಲೆ ಆನಿಸಿದ.

"ಅಬ್ಬ," ಎಂದ. "ಬದುಕ್ಕೊಂಡೆ."